ದೊಡ್ಡ ಟೈರ್ ಆದ ಮೇಲೆ ‘ಮೀಟರ್ ಸೆಟ್’ ಮಾಡಿಸುವವರು ಸ್ವಲ್ಪ ಹುಷಾರು

ಪಿಕಪ್‌ಗೆ, ಜೀಪಿಗೆ ದೊಡ್ಡ ಟೈರ್ ಹಾಕಿಸುವ ಹುಚ್ಚು ನಮ್ಮ ಮಲೆನಾಡಿನಲ್ಲಿ ಈಗ ಜೋರಾಗಿದೆ. ಟೈರ್ ಬಗ್ಗೆ ನನಗೆ ಅಂಥ ತಕರಾರಿಲ್ಲ. ಟೈರ್ ಆದ ಮೇಲೆ ‘ಮೀಟರ್ ಕೂಡ ಸೆಟ್ ಮಾಡ್ಕೊಡ್ತೀವಿ ಸರ್’ ಅಂತ ಬರ್ತಾರಲ್ಲ, ಅವರ ಬಗ್ಗೆ ಹೇಳಬೇಕಿದೆ. ಕೀ ಕೊಡುವ ಮೊದಲು ಒಂದೇ ಮಾತು ಕೇಳಿ: ಏನನ್ನು ಬದಲಾಯಿಸ್ತೀರಿ, ಮುಳ್ಳನ್ನೋ, ಒಳಗಿನ ಲೆಕ್ಕವನ್ನೋ? ಅವರು ತಡವರಿಸಿದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ನಮ್ಮದು ತೋಟದ ಕೆಲಸಕ್ಕೆ ಇಟ್ಟುಕೊಂಡ ಡಬಲ್ ಕ್ಯಾಬ್ ಪಿಕಪ್, ಫೋರ್ ವೀಲ್ ಡ್ರೈವ್. ಅದರ ಜೊತೆ ಬಂದ ಟೈರ್ 245/70 ಆರ್16. ಮಳೆಗಾಲದಲ್ಲಿ ತೋಟದ ಒಳದಾರಿಯಲ್ಲಿ ಅಡಿ ತಾಗುತ್ತದೆ ಅಂತ 265/75 ಆರ್16 ಹಾಕಿಸಿದೆವು. ಈ ನಂಬರ್‌ಗಳಲ್ಲಿ ಮೊದಲನೆಯದು ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಕೊನೆಯದು ರಿಮ್ ಎಷ್ಟು ಇಂಚು ಅನ್ನುವುದು. ಕೂಡಿಸಿ ನೋಡಿದರೆ ಹಳೆ ಟೈರಿನ ವ್ಯಾಸ ಸುಮಾರು 749 ಮಿ.ಮೀ., ಹೊಸದರದ್ದು 804. ಅಂದರೆ ಶೇ. 7ಕ್ಕಿಂತ ಸ್ವಲ್ಪ ಜಾಸ್ತಿ.

ಗಾಡಿಗೆ ತನ್ನ ಟೈರ್ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಸುತ್ತುಗಳು ಮಾತ್ರ. ಗೇರ್‌ಬಾಕ್ಸ್ ಹತ್ತಿರದ ಸೆನ್ಸರೋ, ಚಕ್ರದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಸೆನ್ಸರೋ ಸುತ್ತಿನ ಲೆಕ್ಕಕ್ಕೆ ಪಲ್ಸ್, ಅಂದರೆ ಸಣ್ಣ ವಿದ್ಯುತ್ ಸಿಗ್ನಲ್, ಕಳಿಸುತ್ತದೆ. ಇಷ್ಟು ಪಲ್ಸ್ ಬಂದರೆ ಒಂದು ಕಿಲೋಮೀಟರ್ ಅಂತ ಒಳಗಿನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಟೈರ್ ದೊಡ್ಡದಾದರೆ ಒಂದೊಂದು ಸುತ್ತಿಗೂ ಗಾಡಿ ಜಾಸ್ತಿ ದೂರ ಹೋಗುತ್ತದೆ, ಲೆಕ್ಕ ಮಾತ್ರ ಹಳೆಯದೇ. ಹಾಗಾಗಿ ವೇಗವೂ ಕಮ್ಮಿ ತೋರುತ್ತದೆ, ಓಡಿದ ದೂರವೂ ಕಮ್ಮಿ ಬೀಳುತ್ತದೆ. ಸರಿಪಡಿಸಬೇಕಾದದ್ದು ಆ ಲೆಕ್ಕವನ್ನು. ಮೀಟರ್ ಸೆಟ್ ಅಂದರೆ ಅಷ್ಟೇ.

ಕಂಪನಿಯವರು ವೇಗದ ಮುಳ್ಳನ್ನು ಬೇಕಂತಲೇ ಸ್ವಲ್ಪ ಮುಂದಿಟ್ಟಿರುತ್ತಾರೆ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಜಾಸ್ತಿ ತೋರಿಸಬಹುದು, ಕಮ್ಮಿ ತೋರಿಸುವ ಹಾಗೇ ಇಲ್ಲ. ನಮ್ಮ ಗಾಡಿಯಲ್ಲೂ ಮೊದಲು ಫೋನಿನ ಜಿಪಿಎಸ್ 60 ಅಂದಾಗ ಮುಳ್ಳು 61ರ ಆಚೀಚೆ ಇರುತ್ತಿತ್ತು. ಹೊಸ ಟೈರ್ ಆದ ಮೇಲೆ ಅದೇ 60ಕ್ಕೆ 57 ತೋರಿಸತೊಡಗಿತು.

ಇದನ್ನು ಸರಿ ಮಾಡಿಸೋಣ ಅಂತ ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ಬೋರ್ಡಿನಲ್ಲಿ ‘ಸ್ಪೀಡೋಮೀಟರ್ ಕ್ಯಾಲಿಬ್ರೇಷನ್’ ಅಂತ ದೊಡ್ಡದಾಗಿ ಬರೆದಿತ್ತು. ಗಾಡಿ ಬಿಟ್ಟು ಹೋಗಿ, ಸಂಜೆ ಬನ್ನಿ ಅಂದರು. ಸಂಜೆ ಹೋದಾಗ ಪಕ್ಕದ ರಸ್ತೆಯಲ್ಲಿ ಒಂದು ರೌಂಡ್ ಕರೆದುಕೊಂಡು ಹೋದರು. ಜಿಪಿಎಸ್ 60, ಮುಳ್ಳು ಸರಿಯಾಗಿ 60. ‘ನೋಡಿ ಸರ್, ಪರ್ಫೆಕ್ಟ್.’ ದುಡ್ಡು ಕೊಟ್ಟು ಹೊರಟೆ.

ಮೊದಲ ಅನುಮಾನ ನೆಲಮಂಗಲದ ಟೋಲ್‌ನಲ್ಲಿ ಬಂತು. ಗಾಡಿ ನಿಂತಿದೆ, ಮುಳ್ಳು ಮಾತ್ರ ಸೊನ್ನೆಗೆ ಬಂದಿಲ್ಲ, ಮೂರರ ಹತ್ತಿರ ನಿಂತಿದೆ. ನಿಂತ ಗಾಡಿಗೆ ಗಂಟೆಗೆ ಮೂರು ಕಿಲೋಮೀಟರ್ ವೇಗ! ಆಗ ಹೊಳೆಯಿತು. ಅವರು ಲೆಕ್ಕವನ್ನು ಮುಟ್ಟೇ ಇಲ್ಲ. ಮೀಟರ್ ಕನ್ಸೋಲ್ ಬಿಚ್ಚಿ, ಮುಳ್ಳು ಕಿತ್ತು, ಮೂರು ಗೆರೆ ಮುಂದಕ್ಕೆ ಒತ್ತಿ ಕೂರಿಸಿದ್ದಾರೆ. 60ರಲ್ಲಿ ಮಾತ್ರ ಸರಿ ಬರುವ ಹಾಗೆ. ಟೈರಿನ ವ್ಯತ್ಯಾಸ ಶೇಕಡಾ ಲೆಕ್ಕದ್ದು, ವೇಗ ಏರಿದ ಹಾಗೆ ಅದೂ ಏರುತ್ತದೆ. ಮುಳ್ಳು ಸರಿಸಿದ್ದು ಎಲ್ಲ ವೇಗಕ್ಕೂ ಒಂದೇ ಮೂರು. ಹಾಸನದ ದಾರಿಯಲ್ಲಿ ಅಳೆದು ನೋಡಿದೆ. 20ರಲ್ಲಿ ಎರಡು ಜಾಸ್ತಿ, 60ರಲ್ಲಿ ಸರಿ, 100ರಲ್ಲಿ ಎರಡು ಕಮ್ಮಿ. ಅಂಗಡಿಯವರು ಯಾಕೆ 60ರಲ್ಲೇ ತೋರಿಸಿದರು ಅಂತ ಈಗ ಅರ್ಥವಾಯಿತು ಅಲ್ವಾ?

ಎರಡು ಕಿಲೋಮೀಟರ್‌ಗೆ ಇಷ್ಟು ರಗಳೆನಾ ಅಂತ ನೀವು ಕೇಳಬಹುದು. ಮುಳ್ಳಿನ ವಿಷಯ ಅಷ್ಟೇ ಆಗಿದ್ದರೆ ನಾನೂ ಬೈದುಕೊಂಡು ಸುಮ್ನಿರುತ್ತಿದ್ದೆ.

ತೋಟದ ಗಾಡಿಗೆ ನಾವು ಒಂದು ಡೀಸೆಲ್ ಪುಸ್ತಕ ಇಟ್ಟಿದ್ದೇವೆ. ಪ್ರತಿ ಸಲ ಬಂಕಿನಲ್ಲಿ ಕಿಲೋಮೀಟರ್ ಬರೆಯುತ್ತೇವೆ. ಮುಂದಿನ ಸಲ ಡೀಸೆಲ್ ಹಾಕಿಸುವಾಗ ಡ್ರೈವರ್ ಪುಸ್ತಕ ಹಿಡಿದುಕೊಂಡು ಬಂದ. ‘ಅಣ್ಣಾ, ಇದು ಹಿಂದಕ್ಕೆ ಹೋಗಿದೆ.’ ನೋಡಿದರೆ ತೊಂಬತ್ತು ಸಾವಿರ ದಾಟಿದ್ದ ಗಾಡಿ ಎಪ್ಪತ್ತು ಸಾವಿರದ ಲೆಕ್ಕದಲ್ಲಿದೆ. ಅಂಗಡಿಗೆ ಫೋನ್ ಮಾಡಿದೆ. ಅವರ ದನಿಯಲ್ಲಿ ಗಾಬರಿ ಇಲ್ಲ, ಹೆಮ್ಮೆ ಇತ್ತು.

‘ಅದು ಫ್ರೀ ಸರ್. ಮೀಟರ್ ಬಿಚ್ಚಿದ್ವಲ್ಲ, ಹಂಗೇ ಇಳಿಸಿಬಿಟ್ವಿ. ಮಾರುವಾಗ ಒಳ್ಳೇ ರೇಟ್ ಸಿಗುತ್ತೆ.’

‘ನಾನು ಕೇಳಿದ್ನಾ? ವಾಪಸ್ ಮೊದಲಿನ ಹಂಗೆ ಮಾಡಿಕೊಡಿ.’

‘ಅದಕ್ಕೆ ಬೇರೆ ಚಾರ್ಜ್ ಆಗುತ್ತೆ ಸರ್. ವಾಟ್ಸಾಪ್‌ನಲ್ಲಿ ಕಳಿಸ್ತೀನಿ ನೋಡಿ.’

ಇಂಥ ಕೆಲವು ಅಂಗಡಿಗಳ ನಿಜವಾದ ವ್ಯಾಪಾರ ಇದೇ. ಸೆಕೆಂಡ್ ಹ್ಯಾಂಡ್ ಗಾಡಿಗಳ ಕಿಲೋಮೀಟರ್ ಇಳಿಸುವುದು. ಅವರ ಹತ್ತಿರ ಇರುವ ಮಿಷನ್ ಕನ್ಸೋಲಿನ ಮೆಮೊರಿ ಚಿಪ್‌ನಲ್ಲಿ ಓಡೋಮೀಟರ್ ಅಂಕಿ, ಅಂದರೆ ಒಟ್ಟು ಓಡಿದ ಕಿಲೋಮೀಟರ್, ತಿದ್ದುವುದಕ್ಕೆ ಇರುವಂಥದ್ದು. ಟೈರಿನ ಲೆಕ್ಕ ಬದಲಾಯಿಸುವುದು ಅದರಿಂದ ಆಗುವ ಕೆಲಸವಲ್ಲ.

ಪೆಟ್ಟು ಬಿದ್ದದ್ದು ಸರ್ವಿಸ್‌ಗೆ ಬಿಟ್ಟಾಗ. ಕಳೆದ ಸಲದ ರೀಡಿಂಗ್ ಅವರ ಕಂಪ್ಯೂಟರ್‌ನಲ್ಲಿದೆ, ಈ ಸಲ ಅದಕ್ಕಿಂತ ಕಮ್ಮಿ ಇದೆ. ಜಾಬ್ ಕಾರ್ಡ್‌ನಲ್ಲಿ ‘ಓಡೋಮೀಟರ್ ವ್ಯತ್ಯಾಸ’ ಅಂತ ಬರೆದರು. ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಕೇಳಿದ್ದ ಒಂದು ಕೆಲಸಕ್ಕೆ ಆಗುವುದಿಲ್ಲ ಅಂದರು. ಅವರನ್ನು ಬೈದು ಏನು ಪ್ರಯೋಜನ? ಹೊರಗಿನಿಂದ ನೋಡುವವರಿಗೆ ಇದು ಮೀಟರ್ ತಿರುಚಿದ ಗಾಡಿಯೇ. ನಾಳೆ ಮಾರಲು ಹೋದರೆ ಕೊಳ್ಳುವವನು ಸರ್ವಿಸ್ ಹಿಸ್ಟರಿ ತೆಗೆಸುತ್ತಾನೆ. ನಾನು ಕೇಳಿ ಮಾಡಿಸಿದ್ದಲ್ಲ ಅಂದರೆ ಯಾರು ನಂಬ್ತಾರೆ?

ಸರ್ವಿಸ್ ಸೆಂಟರ್‌ನಲ್ಲೇ ಟೈರ್ ಅಳತೆ ಬದಲಾಯಿಸಿ ಕೊಡಿ ಅಂತಲೂ ಕೇಳಿದೆ. ಅವರ ಸ್ಕ್ಯಾನರ್‌ನಲ್ಲಿ ಕಂಪನಿ ಕೊಡುವ ಸೈಜ್‌ಗಳ ಪಟ್ಟಿ ಮಾತ್ರ ಇದೆ, ನಮ್ಮ 265/75 ಅದರಲ್ಲಿಲ್ಲ. ಅಮೆರಿಕದಲ್ಲಿ ಇದು ಬೇರೆ ತರಹ. ಟೆಕ್ಸಸ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ತನ್ನ ಫೋರ್ಡ್ ಎಫ್-150ಗೆ ದೊಡ್ಡ ಟೈರ್ ಹಾಕಿಸಿ, ಲ್ಯಾಪ್‌ಟಾಪ್‌ನಲ್ಲಿ ಫೋರ್‌ಸ್ಕ್ಯಾನ್ ಅನ್ನುವ ಸಾಫ್ಟ್‌ವೇರ್ ತೆರೆದು, ಟೈರಿನ ಸುತ್ತಳತೆಯನ್ನು ಮಿಲಿಮೀಟರ್‌ನಲ್ಲಿ ಬರೆದು ಮುಗಿಸಿದ. ಮುಳ್ಳು, ಓಡೋಮೀಟರ್ ಎರಡೂ ಒಟ್ಟಿಗೆ ಸರಿಹೋದವು. ನಿಮ್ಮ ಗಾಡಿಗೆ ಅಂಥ ಅವಕಾಶ ಇದೆಯೋ ಇಲ್ಲವೋ ಅನ್ನುವುದನ್ನು ಟೈರ್ ಕೊಳ್ಳುವ ಮೊದಲೇ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿಕೊಳ್ಳಿ. ಇದ್ದರೆ ಟೈರ್ ಮೇಲೆ ಬರೆದಿರುವ ನಂಬರಿನ ಲೆಕ್ಕಕ್ಕಿಂತ ನೆಲದ ಮೇಲೆ ಅಳೆದದ್ದು ವಾಸಿ. ಭಾರ ಬಿದ್ದ ಟೈರ್ ಸ್ವಲ್ಪ ಅಪ್ಪಚ್ಚಿಯಾಗುತ್ತದೆ. ಗಾಳಿ ಸರಿಯಾಗಿ ಹಾಕಿಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ಒಂದು ಪೂರ್ತಿ ಸುತ್ತು ತಳ್ಳಿ, ಟೇಪ್ ಹಿಡಿಯಿರಿ.

ಇನ್ನೊಂದು ಅಂಗಡಿಯವರು, ಸೆನ್ಸರ್ ವೈರ್ ಕತ್ತರಿಸಿ ಮಧ್ಯೆ ಒಂದು ಬಾಕ್ಸ್ ಹಾಕುತ್ತೇವೆ, ಅದು ಪಲ್ಸ್ ತಿದ್ದಿ ಕಳಿಸುತ್ತದೆ ಅಂದರು. ತತ್ವದಲ್ಲಿ ಅದು ಸರಿಯೇ, ಅನುಪಾತವನ್ನೇ ತಿದ್ದುತ್ತದೆ. ಆದರೆ ಹೊಸ ಗಾಡಿಗಳಲ್ಲಿ ಅದೇ ಸಿಗ್ನಲ್ ಎಂಜಿನ್ ಕಂಪ್ಯೂಟರ್‌ಗೂ ಹೋಗುತ್ತದೆ, ಕೆಲವಲ್ಲಿ ಎಬಿಎಸ್‌ಗೂ. ಯಾವ ವೈರ್, ಎಲ್ಲಿ ಕತ್ತರಿಸುತ್ತೀರಿ ಅಂತ ಕೇಳಿದ್ದಕ್ಕೆ ‘ಅದೆಲ್ಲ ನಾವು ನೋಡ್ಕೋತೀವಿ’ ಅಂದರು. ಬ್ರೇಕಿಗೆ ಸಂಬಂಧಪಟ್ಟ ವೈರನ್ನು ‘ನೋಡ್ಕೋತೀವಿ’ ಅನ್ನುವವರ ಕೈಗೆ ಕೊಡಲು ನನಗೆ ಧೈರ್ಯ ಬರಲಿಲ್ಲ.

ಹಾಗಂತ ಏನೂ ಮಾಡದೆ ದೊಡ್ಡ ಟೈರ್‌ನಲ್ಲೇ ಓಡಾಡುವುದೂ ಒಳ್ಳೆಯದಲ್ಲ. ಓಡೋಮೀಟರ್‌ಗೆ ಮುಳ್ಳಿನಷ್ಟು ಮುಂಗಡ ಇಟ್ಟಿರುವುದಿಲ್ಲ, ಹಾಗಾಗಿ ಶೇ. 7 ಪೂರ್ತಿ ಅಲ್ಲೇ ತಪ್ಪುತ್ತದೆ. ಮೀಟರ್ 10,000 ಅಂದಾಗ ಗಾಡಿ 10,700 ದಾಟಿರುತ್ತದೆ. ಆಯಿಲ್ ತಡವಾಗುತ್ತದೆ, ಟೈಮಿಂಗ್ ಬೆಲ್ಟ್ ಇರುವ ಗಾಡಿಯಲ್ಲಿ ಅದೂ ತಡವಾಗುತ್ತದೆ. ಲೀಟರಿಗೆ 12 ಕೊಡುವ ಗಾಡಿ ಪುಸ್ತಕದಲ್ಲಿ 11.2 ಕೊಟ್ಟ ಹಾಗೆ ಕಾಣುತ್ತದೆ. ದೊಡ್ಡ ಟೈರ್ ಡೀಸೆಲ್ ಕುಡಿಯುತ್ತದೆ ಅಂತ ಗೋಳಾಡುವವರ ಲೆಕ್ಕದಲ್ಲಿ ಒಂದಷ್ಟು ಬರೀ ಮೀಟರಿನ ಸುಳ್ಳು.

ಹಳದಿ ಬೋರ್ಡಿನ ಗೂಡ್ಸ್ ಗಾಡಿಯವರಿಗೆ ಇನ್ನೊಂದು ತಲೆನೋವು. 80ಕ್ಕೆ ಕಟ್ಟಿಹಾಕಬೇಕಾದ ಸ್ಪೀಡ್ ಗವರ್ನರ್ ಕೂಡ ಇದೇ ಪಲ್ಸ್ ನಂಬಿಕೊಂಡಿದ್ದರೆ ನಿಜವಾಗಿ 85 ದಾಟುವ ತನಕ ಬಿಡುತ್ತದೆ. ರಸ್ತೆಯ ಕ್ಯಾಮೆರಾ ನಿಮ್ಮ ಮುಳ್ಳು ನೋಡುವುದಿಲ್ಲ. ಲಘು ವಾಹನಕ್ಕೆ ಅತಿವೇಗದ ದಂಡ 1,000ದಿಂದ 2,000 ರೂಪಾಯಿ. ಇನ್ನು ಕಾನೂನು. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಇನ್ಶೂರೆನ್ಸ್ ಕ್ಲೇಮ್ ಹೊತ್ತಿನಲ್ಲಿ ಇದು ನೆನಪಿಗೆ ಬರುವುದು ಬೇಡ ಅಂದರೆ ಕಂಪನಿ ಒಪ್ಪುವ ಸೈಜ್ ಯಾವುದು ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ.

ನಾವು ಕೊನೆಗೆ ಆ ಟೈರ್ ಮಾರಿ 255/70 ಆರ್16ಗೆ ಬಂದೆವು. ವ್ಯಾಸದಲ್ಲಿ ವ್ಯತ್ಯಾಸ ಶೇ. 2ರೊಳಗೆ. ಕಂಪನಿ ಮುಳ್ಳಿಗೆ ಇಟ್ಟಿದ್ದ ಮುಂಗಡವೇ ಅದನ್ನು ನುಂಗಿಕೊಂಡಿದೆ, ಮೀಟರ್ ಮುಟ್ಟುವ ಅಗತ್ಯವೇ ಬರಲಿಲ್ಲ. ಮುಳ್ಳನ್ನು ಸರ್ವಿಸ್ ಸೆಂಟರ್‌ನವರು ಸೊನ್ನೆಗೆ ಕೂರಿಸಿಕೊಟ್ಟರು. ಓಡೋಮೀಟರ್ ಅಂಕಿ ಈಗಲೂ ತಪ್ಪಾಗಿಯೇ ಇದೆ.

ದೂರು ಕೊಡಲು ವಕೀಲರನ್ನು ಕೇಳಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಕೊಡಬೇಕು ಅಂದರು. ಬಿಲ್ ತೋರಿಸಿ ಅಂದರು. ಅದರಲ್ಲಿ ‘ಮೀಟರ್ ವರ್ಕ್’ ಅಂತ ಎರಡೇ ಪದ. ಒಳಗೆ ಬಿಟ್ಟಾಗ ಎಷ್ಟು ಕಿಲೋಮೀಟರ್ ಇತ್ತು, ಏನು ಮಾಡಿದರು, ಯಾವುದೂ ಇಲ್ಲ. ನೀವು ಎಲ್ಲಿಗೇ ಹೋದರೂ ಗಾಡಿ ಬಿಡುವ ಮೊದಲು ಮೀಟರಿನ ಫೋಟೊ ತೆಗೆದುಕೊಳ್ಳಿ, ರೀಡಿಂಗ್ ಮತ್ತು ಮಾಡುವ ಕೆಲಸ ಎರಡನ್ನೂ ಬಿಲ್ಲಿನಲ್ಲಿ ಬರೆಸಿ. ನಮ್ಮ ಹತ್ತಿರ ಇರುವುದು ಡೀಸೆಲ್ ಪುಸ್ತಕ, ಸರ್ವಿಸ್ ದಾಖಲೆ, ಮತ್ತೆ ಕಿಲೋಮೀಟರ್ ವಾಪಸ್ ಏರಿಸಲು ಎಷ್ಟಾಗುತ್ತದೆ ಅಂತ ಅಂಗಡಿಯವರೇ ಕಳಿಸಿದ ವಾಟ್ಸಾಪ್ ಮೆಸೇಜ್. ಈ ಮೂರನ್ನೇ ಇಟ್ಟುಕೊಂಡು ದೂರು ಬರೆಸಿದ್ದೇವೆ.