ನೀಲಿ, ಕಿತ್ತಳೆ, ಗಾಜಿನ ಬಾಟಲಿ, ವರ್ತನೆ ಹಾಲು: ಕಾಯಿಸಿ ನೋಡಿದ್ದು

ನಮ್ಮ ಮನೆಯಲ್ಲಿ ಹಾಲಿಗೆ ಮೂರು ಕೆಲಸ. ಬೆಳಿಗ್ಗೆ ಕಾಫಿ, ರಾತ್ರಿ ಹೆಪ್ಪು, ಆಗಾಗ ತುಪ್ಪ. ಬೆಂಗಳೂರಿನಲ್ಲಿ ಸಿಗುವ ಹಾಲುಗಳನ್ನು ಈ ಮೂರಕ್ಕೂ ಹಾಕಿ ನೋಡಿದೆ.

ಮೊದಲು ನಂದಿನಿ ಪ್ಯಾಕೆಟ್ಟುಗಳು. ನೀಲಿ ಅಂದರೆ ಟೋನ್ಡ್, ಕೊಬ್ಬು 3%. ಕಿತ್ತಳೆ ಅಂದರೆ ಶುಭಂ, 4.5%. ಎಸ್‌ಎನ್‌ಎಫ್ ಮಾತ್ರ ಎರಡರಲ್ಲೂ 8.5%. ಕೊಬ್ಬು, ನೀರು ಬಿಟ್ಟು ಉಳಿಯುವ ಪ್ರೋಟೀನ್, ಹಾಲಿನ ಸಕ್ಕರೆ, ಖನಿಜಗಳ ಲೆಕ್ಕ ಅದು. ಅಂದರೆ ಕಿತ್ತಳೆಗೆ ಕೊಡುವ ಜಾಸ್ತಿ ದುಡ್ಡು ಕೊಬ್ಬಿಗೆ. ಮಕ್ಕಳಿಗೆ ಪ್ರೋಟೀನ್ ಸಿಗಲಿ ಅಂತ ಅದನ್ನು ತರುವವರು ಸುಮ್ನೆ ತರುತ್ತಿದ್ದಾರೆ. ಕಾಫಿಗೆ ಕಿತ್ತಳೆಯೇ ಮೇಲು, ಡಿಕಾಕ್ಷನ್ ಎಷ್ಟು ಗಟ್ಟಿಯಿದ್ದರೂ ತಡೆದುಕೊಳ್ಳುತ್ತದೆ. ಆದರೆ ಕೆನೆಯನ್ನೆಲ್ಲ ತುಪ್ಪಕ್ಕೆ ಎತ್ತಿಟ್ಟ ಮೇಲೆ ಲೋಟಕ್ಕೆ ಬರುವುದು ಹೆಚ್ಚುಕಡಿಮೆ ನೀಲಿ ಹಾಲೇ, ಅಲ್ವಾ? ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಅಂತಿದ್ದರೆ ತುಪ್ಪದ ಆಸೆ ಬಿಡಿ. ಕೊಬ್ಬಿನ ಕಣಗಳನ್ನು ಒಡೆದು ಹಾಲಿನಲ್ಲೇ ಬೆರೆಸಿರುತ್ತಾರೆ, ಕೆನೆ ಸರಿಯಾಗಿ ಕಟ್ಟುವುದಿಲ್ಲ.

ಟೆಟ್ರಾ ಪ್ಯಾಕ್ ಹಾಲನ್ನು ಸುಮಾರು 137 ಡಿಗ್ರಿಗೆ ಕೆಲವೇ ಸೆಕೆಂಡು ಕಾಯಿಸಿರುತ್ತಾರೆ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ, ಆದರೆ ನನಗೆ ಮೊಸರು ಸಡಿಲವಾಗಿಯೇ ಬಂತು. ಡಬ್ಬಿಯಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಅಂಟಿಕೊಂಡಿರುವುದರಿಂದ ನಮ್ಮ ಗುಜರಿಯವನು ಮುಟ್ಟುವುದಿಲ್ಲ. ಪ್ರಯಾಣಕ್ಕೆ ಸರಿ.

ಗಾಜಿನ ಬಾಟಲಿಯ ‘ಎ2’ ಹಾಲು ತರಿಸಿದೆ. ರುಚಿ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ದರ ನೀಲಿಯ ಎರಡರಷ್ಟಕ್ಕೂ ಮೇಲೆ. ಲೇಬಲ್ ಮೇಲೆ ಹಸುವಿನ ಚಿತ್ರ ದೊಡ್ಡದು, ಕೊಬ್ಬಿನ ಅಂಕಿಗೆ ಭೂತಗನ್ನಡಿ ಬೇಕು. ಎ1, ಎ2 ಅನ್ನುವುದು ಬೀಟಾ ಕೇಸೀನ್ ಎಂಬ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. 2024ರ ಆಗಸ್ಟ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಈ ಹೆಸರುಗಳನ್ನು ಲೇಬಲ್‌ನಿಂದ ತೆಗೆಯಿರಿ ಎಂದಿತು, ಒಂದು ವಾರದೊಳಗೆ ಆ ಆದೇಶವನ್ನೇ ವಾಪಸ್ ಪಡೆಯಿತು. ಅಂಥ ಗೊಂದಲಕ್ಕೆ ಎರಡರಷ್ಟು ದುಡ್ಡು ಕೊಡಲು ನನಗೆ ಮನಸ್ಸಿಲ್ಲ. ಗಾಜು ಒಳ್ಳೆಯದೇ, ಆದರೆ ಖಾಲಿ ಬಾಟಲಿ ತಪ್ಪದೆ ವಾಪಸ್ ಹೋಗಬೇಕು. ನಮ್ಮ ಮನೆಗೆ ತರುತ್ತಿದ್ದವರು ಅದನ್ನೇ ಮರೆಯುತ್ತಿದ್ದರು.

ಮೊಸರಿಗೆ ವರ್ತನೆ ಹಾಲನ್ನು, ಅಂದರೆ ಹಸು ಸಾಕಿದವರು ದಿನಾ ಮನೆಗೆ ತಂದು ಹಾಕುವ ಹಸಿ ಹಾಲನ್ನು, ಮೀರಿಸಿದ್ದಿಲ್ಲ. ಚಮಚ ನಿಲ್ಲುವಷ್ಟು ಗಟ್ಟಿ. ಪಾತ್ರೆಗೆ ಅಳೆದು ಹಾಕುವುದರಿಂದ ಪ್ಲಾಸ್ಟಿಕ್ಕೂ ಇಲ್ಲ. ತೊಂದರೆ ಏನೆಂದರೆ ಅದನ್ನು ಪರೀಕ್ಷೆ ಮಾಡುವವರು ಯಾರೂ ಇಲ್ಲ. ಲ್ಯಾಕ್ಟೋಮೀಟರ್ ಅಳೆಯುವುದು ಸಾಂದ್ರತೆ ಮಾತ್ರ. ನೀರು ಹಾಕಿದರೆ ಅದು ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನ ಹಾಲು ಪಾಸ್! ಹಸಿ ಹಾಲಿನಲ್ಲಿ ಬ್ರುಸೆಲ್ಲಾ ರೋಗಾಣು ಇರಬಹುದು, ಹಾಗಾಗಿ ಚೆನ್ನಾಗಿ ಉಕ್ಕಿಸಲೇಬೇಕು.

ಹಾಗಂತ ಪ್ಯಾಕೆಟ್ ಎಲ್ಲದಕ್ಕೂ ರಕ್ಷೆ ಅಂದುಕೊಳ್ಳಬೇಡಿ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಮಾದರಿ ಪರೀಕ್ಷಿಸಿತು. ಅವುಗಳಲ್ಲಿ 5.7% ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು, ಅದೂ ಸಂಸ್ಕರಿಸಿದ ಹಾಲಿನಲ್ಲೇ ಜಾಸ್ತಿ. ಬೂಸಲು ಹಿಡಿದ ಮೇವು, ಹಿಂಡಿಯಿಂದ ಬರುವ ವಿಷ ಇದು. ಕಾಯಿಸಿದರೆ ಹೋಗುವುದಿಲ್ಲ. ಅದಕ್ಕೇ ವರ್ತನೆಯವರ ಕೊಟ್ಟಿಗೆಗೆ ಹೋಗಿ ಹಿಂಡಿ ಚೀಲ ಎಲ್ಲಿಡುತ್ತಾರೆ ಅಂತ ನೋಡಿ ಬಂದೆ. ಒಣಗಿದ ಜಾಗದಲ್ಲಿ, ಹಲಗೆ ಮೇಲೆ ಇಟ್ಟಿದ್ದರು.

ಈಗ ದಿನಕ್ಕೆ ನೀಲಿ, ಮೊಸರಿಗೆ ವರ್ತನೆ, ನೆಂಟರು ಬಂದರೆ ಕಿತ್ತಳೆ. ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರು ಬೇರೆಯಾಗದಂತೆ ಸೀಳುತ್ತೇವೆ, ಮೋರಿ ಸೇರುವುದು ಆ ಚೂರುಗಳೇ. ತೊಳೆದು ಒಣಗಿಸಿದ ಕವರುಗಳನ್ನು ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ.