ನೆಮೆಯಾದಲ್ಲಿ ಎರಡು ರಾತ್ರಿ ಕೇಳಿ ಪಡೆಯಿರಿ

ಸೆಪ್ಟೆಂಬರ್ ಕೊನೆಯ ವಾರ ನಾನೂ ನನ್ನ ತಂಗಿಯೂ ಗ್ರೀಸಿನ ಪೆಲೊಪೊನೀಸ್‌ನಲ್ಲಿ ನಾಲ್ಕು ದಿನ ಸೈಕಲ್ ತುಳಿದು ಬಂದೆವು. ನಾಫ್‌ಪ್ಲಿಯೊ ಅನ್ನುವ ಕಡಲ ಊರಿನ ಒಂದು ಬಾಡಿಗೆ ಅಂಗಡಿಯವರ ಪ್ಯಾಕೇಜ್ ಅದು. ಸೈಕಲ್, ಕೋಣೆ, ಫೋನಿಗೆ ಹಾಕಿಕೊಳ್ಳುವ ದಾರಿಯ ನಕ್ಷೆ, ಎಲ್ಲ ಅವರದೇ. ಬ್ಯಾಗುಗಳು ವ್ಯಾನಿನಲ್ಲಿ ಮುಂದಿನ ಊರಿಗೆ ಹೋಗುತ್ತವೆ. ಗೈಡ್ ಇರುವುದಿಲ್ಲ. ನಮಗೆ ಬೇಕಾಗಿದ್ದೂ ಅದೇ.

ಪ್ಯಾಕೇಜ್ ನನಗೆ ಇಷ್ಟವಾಯಿತು. ಆದರೆ ಒಂದು ಬದಲಾವಣೆ ಮಾಡಿಸಿಕೊಳ್ಳದೆ ಯಾರೂ ಹೋಗಬೇಡಿ: ನೆಮೆಯಾ ಅನ್ನುವ ದ್ರಾಕ್ಷಿ ಕಣಿವೆಯ ಊರಿನಲ್ಲಿ ಒಂದರ ಬದಲು ಎರಡು ರಾತ್ರಿ ಕೇಳಿ. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಸೈಕಲ್ ವಿಷಯ. ನಾನು ಭಾನುವಾರ ನಂದಿ ಬೆಟ್ಟ ಹತ್ತುವವಳು, ಹಾಗಾಗಿ ರೋಡ್ ಬೈಕ್, ಅಂದರೆ ಡಾಂಬರು ರಸ್ತೆಗೆಂದೇ ಇರುವ ತೆಳು ಟಯರಿನ ಸೈಕಲ್ ತಗೊಂಡೆ. ಮುಂದೆ 50–34, ಹಿಂದೆ 11–34 ಹಲ್ಲಿನ ಗೇರ್, 28 ಮಿ.ಮೀ. ಟಯರ್, ಡಿಸ್ಕ್ ಬ್ರೇಕ್. ಆ ಏರುಗಳಿಗೆ ಹಿಂದಿನ 34 ಹಲ್ಲಿನ ಹಗುರ ಗೇರ್ ಬೇಕೇ ಬೇಕು. ಅಂಗಡಿಯ ಹುಡುಗ ನನ್ನನ್ನು ಸೀಟಿನ ಮೇಲೆ ಕೂರಿಸಿ, ಹಿಮ್ಮಡಿಯಲ್ಲಿ ಪೆಡಲ್ ಒತ್ತಿಸಿ ನೋಡಿ, ಮೂರು ಸಲ ಸೀಟ್ ಏರಿಸಿ ಇಳಿಸಿದ. ನಾಲ್ಕು ದಿನದಲ್ಲಿ ಒಮ್ಮೆಯೂ ಮಂಡಿ ನೋಯಲಿಲ್ಲ. ತಂಗಿಗೆ ಅಭ್ಯಾಸ ಕಡಿಮೆ. ಅವಳು ಬ್ಯಾಟರಿ ಸೈಕಲ್ ತಗೊಂಡಳು, ಅದೂ ಚೆನ್ನಾಗಿತ್ತು.

ಒಂದು ಎಚ್ಚರ. ಊರಲ್ಲಿರುವ ನನ್ನ ಸೈಕಲ್‌ನಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅಲ್ಲಿ ಎಡಗೈ ಬ್ರೇಕ್ ಮುಂದಿನದು. ರಸ್ತೆಯ ಬಲಗಡೆ ಬೇರೆ ಹೋಗಬೇಕು. ಮೊದಲ ದಿನ ಖಾಲಿ ಜಾಗದಲ್ಲಿ ಹತ್ತು ನಿಮಿಷ ಸುಮ್ನೆ ಬ್ರೇಕ್ ಹಿಡಿದು ಬಿಟ್ಟು ಕೈಗೆ ರೂಢಿ ಮಾಡಿಕೊಳ್ಳಿ. ಇಳಿಜಾರಿನಲ್ಲಿ ಕಲಿಯುವ ವಿಷಯವಲ್ಲ ಇದು.

ಮೊದಲ ದಿನ ಎಪಿಡಾರಸ್‌ಗೆ ಹೋಗಿ ವಾಪಸ್. ಬೆಟ್ಟದ ಇಳಿಜಾರಿಗೆ ಒರಗಿಕೊಂಡಂತಿರುವ ಅಲ್ಲಿನ ಬಯಲು ರಂಗಮಂದಿರ ಕ್ರಿ.ಪೂ. 4ನೇ ಶತಮಾನದ್ದು, ಕಲ್ಲಿನ ಮೆಟ್ಟಿಲುಗಳ 55 ಸಾಲು. ಅದನ್ನು ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಆದರೆ ಸೈಕಲ್‌ನವರಿಗೆ ಸಿಗುವ ಉಡುಗೊರೆ ದಾರಿಯಲ್ಲಿದೆ. ಅರ್ಕಾದಿಕೊ ಅನ್ನುವ ಹಳ್ಳಿಯ ಹತ್ತಿರ, ರಸ್ತೆ ಪಕ್ಕದ ಹಳ್ಳಕ್ಕೆ ಒಂದು ಸೇತುವೆ. ಉದ್ದ 22 ಮೀಟರ್. ಮೂರು ಸಾವಿರ ವರ್ಷಕ್ಕೂ ಹಳೆಯದು, ರಥಗಳು ಓಡಾಡಲೆಂದು ಕಟ್ಟಿದ್ದು. ಗಾರೆ ಇಲ್ಲ, ಸುಣ್ಣ ಇಲ್ಲ, ಬರೀ ಬಂಡೆಗಳನ್ನು ಒಂದಕ್ಕೊಂದು ಹೊಂದಿಸಿದ್ದಾರೆ. ಅದರ ಮೇಲೆ ಸೈಕಲ್ ತಳ್ಳಿಕೊಂಡು ದಾಟಿದೆವು. ನಮ್ಮ ಹೊರತು ಅಲ್ಲಿ ಇದ್ದದ್ದು ಆಲಿವ್ ಮರಗಳು ಮಾತ್ರ. ಕಾರಿನಲ್ಲಿ ಬಂದಿದ್ದರೆ ಆ ಫಲಕ ಕಣ್ಣಿಗೇ ಬೀಳುತ್ತಿರಲಿಲ್ಲ.

ಎರಡನೇ ದಿನ ಮೈಸೀನಿ ಅನ್ನುವ ಪುರಾತನ ಕೋಟೆಯ ಕಡೆಗೆ. ಕಿತ್ತಳೆ ತೋಟಗಳ ನಡುವೆ ಮಟ್ಟಸ ರಸ್ತೆ. ದಾರಿಯಲ್ಲಿ ಟಿರಿನ್ಸ್ ಕೋಟೆ ಸಿಗುತ್ತದೆ. ಅದರ ಕಲ್ಲುಗಳು ಎಷ್ಟು ದೊಡ್ಡವೆಂದರೆ, ಒಕ್ಕಣ್ಣಿನ ರಾಕ್ಷಸರು ಕಟ್ಟಿದ್ದೆಂದು ಹಿಂದಿನ ಗ್ರೀಕರು ನಂಬಿದ್ದರು. ನಮ್ಮ ಕಡೆ ದೊಡ್ಡ ಬಂಡೆ ಕಂಡರೆ ಭೀಮ ಇಟ್ಟಿದ್ದು ಅಂತಾರಲ್ಲ, ಹಾಗೆ. ಮೈಸೀನಿಯ ಸಿಂಹದ್ವಾರ ಕ್ರಿ.ಪೂ. 1250ರ ಸುಮಾರಿನದು. ನೋಡಲೇಬೇಕು, ಆದರೆ ನೆರಳಿಲ್ಲ. ನಾವು ತಲುಪಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಕಲ್ಲು ಮುಟ್ಟಿದರೆ ಸುಡುತ್ತಿತ್ತು. ಆ ರಾತ್ರಿ ಕೋಟೆಯ ಕೆಳಗಿನ ಹಳ್ಳಿಯಲ್ಲೇ ಉಳಿಸಿದರು. ಸಂಜೆ ಮಾಡಲು ಏನೂ ಇರಲಿಲ್ಲ.

ಮೂರನೇ ದಿನಕ್ಕಾಗಿಯೇ ನಾನು ಇಷ್ಟು ದೂರ ಬಂದಿದ್ದು. ದೆರ್ವೆನಾಕಿಯಾ ಕಣಿವೆಯಲ್ಲಿ ಹಳೆಯ ಮೀಟರ್ ಗೇಜ್ ಹಳಿ ಕಾಣುತ್ತದೆ. 1822ರಲ್ಲಿ, ಗ್ರೀಕರ ಸ್ವಾತಂತ್ರ್ಯ ಯುದ್ಧದಲ್ಲಿ, ಅವರ ಸೇನಾನಿ ಕೊಲೊಕೊಟ್ರೋನಿಸ್ ತುರ್ಕರ ಸೈನ್ಯವನ್ನು ಅಡ್ಡಗಟ್ಟಿ ಸೋಲಿಸಿದ ಜಾಗ ಅದು. ಅದನ್ನು ದಾಟಿದರೆ ನೆಮೆಯಾ. ಹರ್ಕ್ಯುಲಿಸ್ ಸಿಂಹ ಕೊಂದ ಕಥೆಯ ಊರು. ಕಣಿವೆ ತುಂಬ ದ್ರಾಕ್ಷಿ.

ನಮ್ಮದು ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟದ ಮನೆ. ಅಪ್ಪ ಬೆಂಗಳೂರು ಬ್ಲೂ ಬೆಳೆಯುತ್ತಿದ್ದರು. ನಮ್ಮಲ್ಲಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತೇವೆ, ಕತ್ತೆತ್ತಿ ಗೊಂಚಲು ಕತ್ತರಿಸುತ್ತೇವೆ. ಕೊಯ್ಲಿನ ದಿನ ಕತ್ತು ಹಿಡಿದುಕೊಳ್ಳುವುದು ಮಾಮೂಲು. ನೆಮೆಯಾದಲ್ಲಿ ಬಳ್ಳಿ ಸೊಂಟದೆತ್ತರ, ತಂತಿಗೆ ಕಟ್ಟಿರುತ್ತಾರೆ. ಗೊಂಚಲು ಮಂಡಿಯ ಹತ್ತಿರ ತೂಗುತ್ತದೆ. ಅಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆ. ರಸ್ತೆ ಬದಿಯ ತೋಟದಲ್ಲಿ ಕೀಳುತ್ತಿದ್ದ ಒಬ್ಬ ಅಜ್ಜಿ ಎದ್ದು ನಿಂತು, ಎರಡೂ ಕೈ ಹಿಂದಕ್ಕೆ ಕೊಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡರು. ನಮ್ಮನ್ನು ಕಂಡು ಒಂದು ಗೊಂಚಲು ಎತ್ತಿ ತೋರಿಸಿ ಕರೆದರು. ಆ ತಳಿಯ ಹೆಸರು ಆಗಿಯೊರ್ಗಿತಿಕೊ, ಸಂತ ಜಾರ್ಜ್ ಹೆಸರಿನದು. ಕಪ್ಪಗೆ ಸಣ್ಣ ಹಣ್ಣು. ಹಿಚುಕಿದರೆ ತಿರುಳು ಜಾರುವುದಿಲ್ಲ, ಸಿಪ್ಪೆ ಬಿಡುವುದೇ ಇಲ್ಲ. "ಅಕ್ಕಾ, ನಮ್ಮ ಹಣ್ಣಿನ ಘಮ ಇಲ್ಲ, ಆದ್ರೆ ಸಿಹಿ ಜಾಸ್ತಿ ಅಲ್ವಾ?" ಅಂದಳು ತಂಗಿ. ಅಪ್ಪ ಇದ್ದಿದ್ದರೆ ಬೀಜ ಕಚ್ಚಿ ನೋಡುತ್ತಿದ್ದರು. ಬೀಜ ಕಂದು ಬಣ್ಣಕ್ಕೆ ತಿರುಗಿದರೆ ಹಣ್ಣು ಬಲಿತಿದೆ ಎಂದರ್ಥ. ನಾನೂ ಕಚ್ಚಿ ನೋಡಿದೆ. ಬಲಿತಿತ್ತು.

ಮುಂದೆ ಕ್ರೇಟು ಹೇರಿಕೊಂಡ ಟ್ರ್ಯಾಕ್ಟರುಗಳು. ರಸ ಸೋರಿ ರಸ್ತೆ ಅಂಟುತ್ತದೆ, ತಿರುವಿನಲ್ಲಿ ಜಾರುತ್ತದೆ. ಅಲ್ಲಿ ವೇಗ ಬೇಡ.

ದೂರು ಇರುವುದೂ ಈ ದಿನದ ಮೇಲೆಯೇ. ಅಂಗಡಿಯವರ ನಕ್ಷೆ ನಮ್ಮನ್ನು ಡಾಂಬರು ಬಿಡಿಸಿ ತೋಟದ ಮಣ್ಣುದಾರಿಗೆ ಇಳಿಸಿತು. ಮುಳ್ಳು ಚುಚ್ಚಿ ಪಂಕ್ಚರ್. ಟ್ಯೂಬ್ ಬದಲಿಸಿ ಒಂದು ಕಿಲೋಮೀಟರ್ ಹೋಗಿಲ್ಲ, ಮತ್ತೆ ಪಂಕ್ಚರ್. ಅವರು ಕೊಟ್ಟಿದ್ದು ಒಂದೇ ಟ್ಯೂಬ್. ಫೋನ್ ಮಾಡಿದರೆ ಮರ್ಯಾದೆಯಿಂದ ಮಾತಾಡಿದರು, ಆದರೆ ವ್ಯಾನ್ ಬರಲು ಒಂದೂವರೆ ಗಂಟೆ ಹಿಡಿಯಿತು. ರೋಡ್ ಬೈಕ್ ಕೊಟ್ಟು ಮಣ್ಣುದಾರಿ ತೋರಿಸುವುದು ತಪ್ಪು. ಅದನ್ನು ಅವರಿಗೂ ನೇರವಾಗಿ ಹೇಳಿದೆ.

ಹಾಗಾಗಿ ಹಳೆಯ ನೆಮೆಯಾದ ಅವಶೇಷಗಳನ್ನು ನೋಡಲು ಉಳಿದದ್ದು ಎರಡೇ ಗಂಟೆ. ಗ್ರೀಕರ ದೇವರಾಜ ಜೀಯಸ್‌ನ ಗುಡಿಯಲ್ಲಿ ಹಳೆಯ ಕಾಲದಿಂದಲೂ ಬಿದ್ದುಹೋಗದೆ ಉಳಿದಿದ್ದು ಮೂರು ಕಂಬ. ಬಿದ್ದವನ್ನು ಜೋಡಿಸಿ ನಿಲ್ಲಿಸಿ ಈಗ ಒಂಬತ್ತಾಗಿವೆ. ಮಿಕ್ಕ ಕಂಬಗಳ ತುಂಡುಗಳು ಸೌತೆಕಾಯಿ ಬಿಲ್ಲೆಯಂತೆ ಹುಲ್ಲಿನಲ್ಲಿ ಸಾಲಾಗಿ ಮಲಗಿವೆ. ಸ್ವಲ್ಪ ದೂರದಲ್ಲಿ, ಹಿಂದಿನ ಕಾಲದಲ್ಲಿ ಕ್ರೀಡೆಗಳು ನಡೆಯುತ್ತಿದ್ದ ಓಟದ ಮೈದಾನ. ಅದಕ್ಕೆ ಹೋಗಲು 36 ಮೀಟರ್ ಉದ್ದದ ಕಲ್ಲಿನ ಸುರಂಗವಿದೆ. ಓಟಗಾರರು ತಮ್ಮ ಸರದಿಗೆ ಕಾಯುತ್ತಾ ಗೋಡೆಯ ಮೇಲೆ ಗೀಚಿದ್ದು ಇನ್ನೂ ಇದೆ. ಒಬ್ಬ 'ನಿಕೊ' ಎಂದು ಬರೆದಿದ್ದಾನೆ, ಗೆಲ್ಲುತ್ತೇನೆ ಅಂತ. ಒಳಗೆ ತಣ್ಣಗೆ, ಆಚೆ ತುದಿಯಲ್ಲಿ ಬಿಸಿಲಿನ ಬಾಗಿಲು. ಹೊರಗೆ ಬಂದರೆ ಓಟ ಶುರುವಾಗುವ ಕಲ್ಲಿನ ಪಟ್ಟಿ, ಅದರಲ್ಲಿ ಕಾಲ್ಬೆರಳು ಊರಲು ಎರಡು ಗೀರು. ಶೂ ಬಿಚ್ಚಿ ಬೆರಳಿಟ್ಟೆ. ಗೀರು ಬೆರಳಿಗೆ ಸರಿಯಾಗಿ ಸಿಕ್ಕಿತು. 1996ರಿಂದ ಇಲ್ಲಿ ಹಳೆಯ ಕ್ರೀಡೆಗಳನ್ನು ಮತ್ತೆ ಶುರು ಮಾಡಿದ್ದಾರೆ. ಅವು ನಡೆಯುವಾಗ ಯಾರು ಬೇಕಾದರೂ ಬರಿಗಾಲಲ್ಲಿ ಓಡಬಹುದು. ಅಲ್ಲೇ ಇನ್ನೂ ಒಂದು ಗಂಟೆ ಕೂತಿರಬೇಕು ಅನ್ನಿಸಿತು. ಮುಚ್ಚುವ ಹೊತ್ತಾಗಿತ್ತು.

ಊಟಕ್ಕೆ ತೊಂದರೆಯಿಲ್ಲ. ನಾವು ಸಸ್ಯಾಹಾರಿಗಳು. ದೊಡ್ಡ ಬಿಳಿ ಕಾಳನ್ನು ಟೊಮ್ಯಾಟೊದಲ್ಲಿ ಬೇಯಿಸಿ ಕೊಡುತ್ತಾರೆ, ಗಿಗಾಂತೆಸ್ ಅಂತ. ಅವರೆಕಾಳು ತಿಂದು ಬೆಳೆದವರಿಗೆ ಅದು ಮನೆ ಊಟವೇ. ಅದರ ಜೊತೆ ಒಂದು ಲೋಟ ನೆಮೆಯಾ ಕೆಂಪು ವೈನ್, ಸೈಕಲ್ ಒಳಗಿಟ್ಟ ಮೇಲೆ.

ನಾಲ್ಕನೇ ದಿನ ಸುಮಾರು 800 ಮೀಟರ್ ಎತ್ತರದ ಅಸ್ಪ್ರೊಕಾಂಬೊಸ್ ಬಯಲಿನ ಏರು, ಅದೇ ದಿನ ನಾಫ್‌ಪ್ಲಿಯೊಗೆ ವಾಪಸ್. ಇಡೀ ಪ್ರವಾಸದ ಒಳ್ಳೆಯ ಏರು ಅದೇ. ಮೇಲೆ ಹೋದಂತೆ ಗಾಳಿ ತಂಪಾಗುತ್ತದೆ, ಹಣ್ಣು ಇನ್ನೂ ಬಳ್ಳಿಯಲ್ಲೇ ಇರುತ್ತದೆ. ಆದರೆ ಗಡಿಯಾರ ನೋಡಿಕೊಂಡು ಹತ್ತಬೇಕಾಯಿತು. ನೋಡಬೇಕೆಂದಿದ್ದ ವೈನರಿ ಬಿಟ್ಟೆವು.

ಮೈಸೀನಿಯ ಹಳ್ಳಿಯ ರಾತ್ರಿ ತೆಗೆಸಿಬಿಡಿ. ನಾಫ್‌ಪ್ಲಿಯೊದಿಂದ ಅಲ್ಲಿಗೆ ಸುಮಾರು 25 ಕಿ.ಮೀ. ಅಷ್ಟೇ. ಬೆಳಕು ಹರಿಯುವಾಗ ಹೊರಟರೆ ಬಿಸಿಲೇರುವ ಮುಂಚೆ ಕೋಟೆ ನೋಡಬಹುದು, ಸಂಜೆಗೆ ನೆಮೆಯಾ ಸೇರಬಹುದು. ಆ ರಾತ್ರಿಯನ್ನು ನೆಮೆಯಾಕ್ಕೆ ಸೇರಿಸಿಕೊಡಿ ಎಂದು ಮೇಲ್‌ನಲ್ಲೇ ಬರೆಯಿರಿ. ಟ್ಯೂಬ್ ಮೂರು ಕೇಳಿ. ನಕ್ಷೆ ಪೂರ್ತಿ ಡಾಂಬರು ರಸ್ತೆಯದೇನಾ ಅಂತ ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ.