ಐಫೋನಿನಲ್ಲಿ ಫೈರ್‌ಫಾಕ್ಸ್: ಹೆಸರು ಬೇರೆ, ಎಂಜಿನ್ ಅದೇ

ಹಲವು ವರ್ಷಗಳಿಂದ ಐಫೋನಿನಲ್ಲಿ ಫೈರ್‌ಫಾಕ್ಸನ್ನೇ ಮುಖ್ಯ ಬ್ರೌಸರ್ ಆಗಿ ಬಳಸುತ್ತಿದ್ದೇನೆ. ಕಂಪ್ಯೂಟರಿನಲ್ಲಿ ತೆರೆದಿಟ್ಟ ಟ್ಯಾಬ್‌ಗಳು, ಬುಕ್‌ಮಾರ್ಕ್‌ಗಳು, ಪಾಸ್‌ವರ್ಡ್‌ಗಳು ಫೋನಿನಲ್ಲೂ ಸಿಗುತ್ತವೆ. ತಾಣದಿಂದ ತಾಣಕ್ಕೆ ನಮ್ಮನ್ನು ಹಿಂಬಾಲಿಸುವ ಟ್ರ್ಯಾಕರ್‌ಗಳಿಗೆ ತಡೆಯೂ ಇದೆ. 2020ರಲ್ಲಿ ಐಒಎಸ್ 14 ಬಂದ ಮೇಲೆ ಇದನ್ನು ಡೀಫಾಲ್ಟ್ ಬ್ರೌಸರ್ ಆಗಿಯೂ ಇಟ್ಟುಕೊಳ್ಳಬಹುದಾಗಿದೆ. ಇಷ್ಟರ ಮಟ್ಟಿಗೆ ನನಗೆ ತೃಪ್ತಿಯಿದೆ.

ಆದರೆ ಇದನ್ನು ಇಳಿಸಿಕೊಳ್ಳುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಆಪ್ ಸ್ಟೋರಿನ 2.5.6ನೇ ನಿಯಮದಂತೆ, ವೆಬ್ ಜಾಲಾಡಲು ಬಳಸುವ ಆ್ಯಪ್‌ಗಳು ಹೆಚ್ಚಿನ ದೇಶಗಳಲ್ಲಿ ಆಪಲ್‌ನ ವೆಬ್‌ಕಿಟ್ ಎಂಜಿನ್ನನ್ನೇ ಬಳಸಬೇಕು. ಎಂಜಿನ್ ಎಂದರೆ ಜಾಲಪುಟದ ಸಂಕೇತವನ್ನು ಓದಿ ತೆರೆಯ ಮೇಲೆ ಪುಟವಾಗಿ ಮೂಡಿಸುವ, ಬ್ರೌಸರಿನ ಒಳಭಾಗ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡಿನಲ್ಲೂ ಫೈರ್‌ಫಾಕ್ಸಿಗೆ ಗೆಕೊ ಎಂಬ ಸ್ವಂತ ಎಂಜಿನ್ ಇದೆ. ಐಫೋನಿನಲ್ಲಿ ಅದಕ್ಕೆ ಪ್ರವೇಶವಿಲ್ಲ.

ಇದರ ಅರ್ಥ ನನಗೆ ಸ್ಪಷ್ಟವಾದದ್ದು ಒಂದು ಜಾಲತಾಣದ ಅರ್ಜಿಯನ್ನು ತುಂಬುವಾಗ. ಕೀಬೋರ್ಡ್ ಮೇಲೆದ್ದ ಕೂಡಲೇ ‘ಮುಂದೆ’ ಎಂಬ ಗುಂಡಿ ಅದರಡಿ ಮರೆಯಾಗಿ, ಪುಟವನ್ನು ಎಷ್ಟು ಸರಿಸಿದರೂ ಹೊರಬರುತ್ತಿರಲಿಲ್ಲ. ಆಪಲ್‌ನದೇ ಬ್ರೌಸರ್ ಆದ ಸಫಾರಿಯಲ್ಲಿ ನೋಡಿದೆ, ಕ್ರೋಮ್‌ನಲ್ಲಿ ನೋಡಿದೆ. ಎಂಜಿನ್ ಒಂದೇ ಆದ್ದರಿಂದ ಮೂರರಲ್ಲೂ ಗುಂಡಿ ಅದೇ ಜಾಗದಲ್ಲಿ ಸಿಕ್ಕಿಕೊಂಡಿತ್ತು. ತಪ್ಪು ಆ ತಾಣವನ್ನು ರೂಪಿಸಿದವರದು, ನಿಜ. ಆದರೂ ಕಂಪ್ಯೂಟರಿನಲ್ಲಾಗಿದ್ದರೆ ಇನ್ನೊಂದು ಎಂಜಿನ್ನಿನ ಬ್ರೌಸರ್ ತೆರೆದು ನೋಡುವ ಅವಕಾಶವಿರುತ್ತಿತ್ತು.

ಆಡ್-ಆನ್‌ಗಳ, ಅಂದರೆ ಬ್ರೌಸರಿಗೆ ಹೊಸ ಸೌಲಭ್ಯ ಸೇರಿಸುವ ವಿಸ್ತರಣೆಗಳ, ಕೊರತೆ ಇನ್ನೂ ದೊಡ್ಡದು. ಆಂಡ್ರಾಯ್ಡಿನ ಫೈರ್‌ಫಾಕ್ಸಿನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಹಾಕಿಕೊಳ್ಳಬಹುದು, ಐಫೋನಿನದರಲ್ಲಿ ಆಗದು. ಸಫಾರಿಗೆ ಮಾತ್ರ 2021ರ ಐಒಎಸ್ 15ರಿಂದಲೇ ವೆಬ್ ವಿಸ್ತರಣೆಗಳ ಸೌಲಭ್ಯ ಸಿಕ್ಕಿದೆ.

ಈ ನಿರ್ಬಂಧಕ್ಕೆ ಆಪಲ್ ಕೊಡುವ ಕಾರಣ ಸುರಕ್ಷತೆ. ಚಾಲನೆಯಲ್ಲಿರುವಾಗಲೇ ಹೊಸ ಯಂತ್ರಸಂಕೇತವನ್ನು (ಪ್ರೊಸೆಸರ್ ನೇರವಾಗಿ ಪಾಲಿಸುವ ಆದೇಶಗಳನ್ನು) ರಚಿಸಿ ಓಡಿಸುವ ಅಧಿಕಾರವನ್ನು, ಅಂದರೆ ಜಾಲಪುಟಗಳೊಳಗಿನ ಪ್ರೋಗ್ರಾಂಗಳನ್ನು ಓಡಿಸುವ ಇಂದಿನ ಜಾವಾಸ್ಕ್ರಿಪ್ಟ್ ಎಂಜಿನ್‌ಗಳ ವೇಗಕ್ಕೆ ಬೇಕಾದ ಅಧಿಕಾರವನ್ನು, ಎಲ್ಲ ಆ್ಯಪ್‌ಗಳಿಗೂ ಕೊಡುವುದು ಅಪಾಯಕಾರಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ವೆಬ್‌ಕಿಟ್‌ನಲ್ಲೇ ದೋಷ ಕಂಡುಬಂದರೆ ಅದನ್ನೇ ನೆಚ್ಚಿಕೊಂಡ ಬ್ರೌಸರ್‌ಗಳೆಲ್ಲವೂ ಒಟ್ಟಿಗೆ ಅಪಾಯಕ್ಕೆ ಸಿಲುಕುತ್ತವೆ, ಪರಿಹಾರವೂ ಐಒಎಸ್ ಅಪ್‌ಡೇಟ್ ಮೂಲಕವೇ ಬರಬೇಕು. ಅಪ್‌ಡೇಟ್ ನಿಂತುಹೋದ ಹಳೆಯ ಫೋನಿನವರು ಫೈರ್‌ಫಾಕ್ಸ್ ಹಾಕಿಕೊಂಡರೂ ಎಂಜಿನ್ ಹಳೆಯದೇ ಆಗಿರುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಇದನ್ನು ಸಮರ್ಥಿಸುವುದು ನನಗಂತೂ ಸರಿಯೆನಿಸುವುದಿಲ್ಲ.

ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಿಂದಾಗಿ 2024ರ ಮಾರ್ಚ್‌ನಲ್ಲಿ, ಐಒಎಸ್ 17.4ರೊಂದಿಗೆ, ಅಲ್ಲಿ ಬೇರೆ ಎಂಜಿನ್‌ಗಳಿಗೆ ಅನುಮತಿ ಸಿಕ್ಕಿತು. ಆದರೆ ಆರಂಭದ ಷರತ್ತಿನಂತೆ ಒಕ್ಕೂಟಕ್ಕೊಂದು, ಉಳಿದ ಜಗತ್ತಿಗೊಂದು ಎಂದು ಎರಡು ಆ್ಯಪ್‌ಗಳನ್ನು ನಿರ್ವಹಿಸಬೇಕಿತ್ತು. ಆ ಹೊರೆಯನ್ನು ಫೈರ್‌ಫಾಕ್ಸ್ ರೂಪಿಸುವ ಮೊಜಿಲ್ಲಾ ಬಹಿರಂಗವಾಗಿಯೇ ಆಕ್ಷೇಪಿಸಿತು.

ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಬಳಸುವವರು ಐಫೋನಿನಲ್ಲೂ ಧಾರಾಳವಾಗಿ ಹಾಕಿಕೊಳ್ಳಬಹುದು. ಆಡ್-ಆನ್‌ಗಳಿಗಾಗಿ ಹುಡುಕುತ್ತಿರುವವರಿಗೆ ಸದ್ಯಕ್ಕೆ ಸಫಾರಿಯೇ ಮೇಲು.